ನಡುಬೊಟ್ಟು ಕಪ್ಪಾದರೆ ಬಂಗುಡೆ ಏನು ಮಾಡೋದು?

ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಆರೂವರೆ. ನಮ್ಮ ಯಜಮಾನರು ಪನ್ವೇಲ್‌ನಲ್ಲಿ ಬಸ್ಸಿನಿಂದ ಇಳಿಸಿಕೊಂಡ ಥರ್ಮೊಕೋಲ್ ಪೆಟ್ಟಿಗೆಯನ್ನು ಡೊಂಬಿವಲಿಯ ನಮ್ಮ ಅಡುಗೆಮನೆಗೆ ತಂದಿಟ್ಟರು. ಟೇಪ್ ಕತ್ತರಿಸಿ ಮುಚ್ಚಳ ತೆಗೆದೆ. ಮೇಲಿನ ಪ್ಯಾಕೆಟ್‌ಗಳಲ್ಲಿ ನಾಲ್ಕು ಕೆಜಿ ಬಂಗುಡೆ, ಕೆಳಗೆ ಕಾಣೆ ಮೀನು. ಬಂಗುಡೆಯ ಕಣ್ಣು ಇನ್ನೂ ಹೊಳೆಯುತ್ತಿತ್ತು. ಕಿವಿರು ಕೆಂಪಗೇ ಇತ್ತು. ಮೂಗಿಗೆ ಕೆಟ್ಟ ವಾಸನೆ ಏನೂ ಬಡಿಯಲಿಲ್ಲ. ಆದರೆ ಮೇಲಿನ ಪ್ಯಾಕೆಟ್ಟಿಗೆ ಅಂಟಿಸಿದ್ದ, ಶಾಖ ತಾಗಿದರೆ ಬಣ್ಣ ಬದಲಿಸುವ ಲೇಬಲ್ಲಿನ ನಡುಬೊಟ್ಟು ಕಪ್ಪಾಗಿತ್ತು. ಸುತ್ತಲಿನ ಬಳೆಗಿಂತಲೂ ಕಪ್ಪು.

ಊರಿಗೆ ಫೋನ್ ಮಾಡಿದೆ. ಗಂಗೊಳ್ಳಿಯಿಂದ ಮೀನು ಕಳಿಸುವುದು ನನ್ನ ಅಣ್ಣ. ನಾನು ಹೇಳಿದ್ದನ್ನೆಲ್ಲ ಕೇಳಿ ಅಣ್ಣ ಅಂದ: "ಮೀನ್ ಲಾಯ್ಕ್ ಇತ್ತ್ ಮಾರಾಯ್ತಿ. ನಿನ್ನ ಸ್ಟಿಕ್ಕರಿಗೇ ಹುಶಾರಿಲ್ಲ."

ಈ ವಿಮರ್ಶೆ ಆ ಸ್ಟಿಕ್ಕರಿನದ್ದು. ಏಳು ತಿಂಗಳಿಂದ ಎರಡು ಜಾತಿಯ ಬಣ್ಣ ಬದಲಿಸುವ ಲೇಬಲ್ ಬಳಸುತ್ತಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಅವರ ಮೇಲೆ ನನಗೆ ಒಂದೆರಡು ದೂರು ಇವೆ, ಅದಕ್ಕೇ. ಮತ್ತೆ ಇಂಥ ಲೇಬಲ್ ಯಾರ ಬಳಿ ಕೊಂಡರೂ ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ.

ನನ್ನ ಬಗ್ಗೆ ಎರಡು ಮಾತು. ಮುಂಬಯಿಯಲ್ಲಿ ಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ 27 ವರ್ಷ ನರ್ಸ್ ಆಗಿದ್ದೆ. ರಿಟೈರ್ ಆದ ಮೇಲೆ ಮನೆಯಲ್ಲೇ ಸಣ್ಣ ಅಡುಗೆ ವ್ಯವಹಾರ. ವಾರದ ದಿನ ಡಬ್ಬಿ ಊಟ, ಭಾನುವಾರ ಊರಿನ ಮೀನೂಟ, ಜೊತೆಗೆ ಮಸಾಲೆ ಹಚ್ಚಿ ಹುರಿಯಲು ರೆಡಿ ಇರುವ ಮೀನಿನ ಪ್ಯಾಕೆಟ್. ಮುಂಬಯಿಯಲ್ಲಿ ಮೀನಿಗೆ ಬರ ಇಲ್ಲ, ಗೊತ್ತು. ಮೀನು ಇಳಿಸುವ ಸಸೂನ್ ಡಾಕ್ 1875ರಿಂದ ಇದೆ, ಭಾವುಚಾ ಧಕ್ಕಾ ಇದೆ. ಆದರೆ ಇಲ್ಲಿರುವ ಕುಂದಾಪುರದವರಿಗೆ ಸುರಮೈ, ಪಾಪ್ಲೆಟ್ ಎಷ್ಟು ತಿಂದರೂ ಊರಿನ ಕಾಣೆ ಅಂದರೆ ಬೇರೇನೇ. ಆ ಹುಚ್ಚಿನ ಮೇಲೆ ನನ್ನ ಭಾನುವಾರ ನಡೆಯುತ್ತದೆ.

ಬಣ್ಣ ಬದಲಿಸುವ ಲೇಬಲ್ ನನಗೆ ಹೊಸದಲ್ಲ. ಪೋಲಿಯೊ ಹನಿ ಹಾಕಿದ ಎಲ್ಲ ನರ್ಸುಗಳಿಗೂ ಅದು ಹಳೇ ಪರಿಚಯ. ಲಸಿಕೆಯ ಪುಟ್ಟ ಬಾಟಲಿಯ ಮೇಲೆ ನೇರಳೆ ಬಣ್ಣದ ಒಂದು ವೃತ್ತ, ಅದರೊಳಗೆ ಬಿಳಿ ಚೌಕ. ಬಾಟಲಿಗೆ ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಹಾಕು, ವೃತ್ತದಷ್ಟೇ ಆದರೆ ಅಥವಾ ಮೀರಿದರೆ ಎಸೆ. ಇಷ್ಟೇ ಪಾಠ. 1996ರಲ್ಲಿ ಇದು ಮೊದಲು ಬಂದದ್ದು ಬಾಯಿಗೆ ಹಾಕುವ ಪೋಲಿಯೊ ಲಸಿಕೆಯ ಮೇಲೇ. ಆ ಲಸಿಕೆ ಬಹಳ ನಾಜೂಕು. 37 ಡಿಗ್ರಿಯಲ್ಲಿ ಎರಡು ದಿನ ಇಟ್ಟರೆ ಚೌಕದ ಕತೆ ಮುಗಿಯುವ ಹಾಗೆ ಲೇಬಲ್ ಹೊಂದಿಸಿರುತ್ತಿದ್ದರು. ಮೇ ತಿಂಗಳ ಬಿಸಿಲಲ್ಲಿ ನೀಲಿ ಕ್ಯಾರಿಯರ್ ಹೆಗಲಿಗೆ ಹಾಕಿಕೊಂಡು ಚಾಳು ಚಾಳು ಹತ್ತಿಳಿದ ನನಗೆ ಆ ಚೌಕದ ಮೇಲೆ ದೇವರಷ್ಟು ನಂಬಿಕೆ. ಹಾಗಾಗಿ ಮಾರ್ಚ್‌ನಲ್ಲಿ ಒಬ್ಬ ಹುಡುಗ ಮೀನಿಗೂ ಇಂಥದ್ದು ಬಂದಿದೆ ಆಂಟಿ ಅಂತ ಸ್ಯಾಂಪಲ್ ತಂದಾಗ ಎರಡನೇ ಮಾತಿಲ್ಲದೆ ತಗೊಂಡೆ.

ಮೊದಲನೆಯದು ಶಾಖದ ಲೇಬಲ್. ನಡುವೆ ಬೊಟ್ಟು, ಸುತ್ತ ಬಳೆ. ಲಸಿಕೆಯ ಲೇಬಲ್ಲಿನ ತಮ್ಮ ಅನ್ನಿ. ಬೊಟ್ಟಿನಲ್ಲಿರುವ ರಾಸಾಯನಿಕ ಶಾಖಕ್ಕೆ ನಿಧಾನವಾಗಿ ಒಂದಕ್ಕೊಂದು ಹೆಣೆದುಕೊಂಡು ಬಣ್ಣ ತಾಳುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ. ಒಮ್ಮೆ ಬಂದ ಬಣ್ಣ ಮತ್ತೆ ಹೋಗುವುದಿಲ್ಲ, ಆಮೇಲೆ ಫ್ರಿಜ್ಜಿನಲ್ಲಿಟ್ಟು ಮಂಗಳಾರತಿ ಎತ್ತಿದರೂ ಅಷ್ಟೇ. ಥರ್ಮಾಮೀಟರ್ ಚುಚ್ಚಿದರೆ ಈಗ ಎಷ್ಟು ತಣ್ಣಗಿದೆ ಅಂತ ಗೊತ್ತಾಗುತ್ತದೆ. ರಾತ್ರಿ ಇಡೀ ದಾರಿಯಲ್ಲಿ ಏನಾಯಿತು ಅಂತ ಗೊತ್ತಾಗಬೇಕಾದರೆ ಇಂಥದ್ದೇ ಬೇಕು.

ಎರಡನೆಯದನ್ನು ನಾನು ವಾಸನೆ ಲೇಬಲ್ ಅನ್ನುತ್ತೇನೆ. ಪ್ಯಾಕೆಟ್ಟಿನ ಒಳಗೆ, ಮೀನಿಗೆ ತಾಗದ ಹಾಗೆ ಮುಚ್ಚಳದ ಅಡಿಗೆ ಅಂಟಿಸಬೇಕು. ಸಮುದ್ರದ ಮೀನು ಹಳಸುವಾಗ ಬ್ಯಾಕ್ಟೀರಿಯಾ ಅದರ ಮಾಂಸದಿಂದ ಟ್ರೈಮೀಥೈಲಮೀನ್, ಅಮೋನಿಯಾ ಇಂಥ ಆವಿಗಳನ್ನು ಹೊರಡಿಸುತ್ತವೆ. ನಾವು ಮೀನು ನಾತ ಅನ್ನುವುದು ಅದನ್ನೇ. ಈ ಆವಿಗಳದ್ದು ಕ್ಷಾರದ ಗುಣ. ಅವು ತಾಗಿದರೆ ಲೇಬಲ್ಲಿನ ಬಣ್ಣ ಹಳದಿಯಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ಹೋಗುತ್ತದೆ. ಇದೇನು ದೊಡ್ಡ ವಿದ್ಯೆ ಅಂದುಕೊಳ್ಳಬೇಡಿ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪಾಗುತ್ತದೆ ಅಲ್ವಾ, ಅದರ ದಾಯಾದಿ ಇದು. ನಾನು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಕಾಗದವನ್ನೂ ಮೀನಿನ ಡಬ್ಬಿಗೆ ಹಾಕಿ ನೋಡಿದೆ. ಮೀನು ಬೆಕ್ಕೂ ಮೂಸದಷ್ಟು ಕೆಟ್ಟರೂ ಕಾಗದ ಸರಿಯಾಗಿ ಕೆಂಪಾಗಲಿಲ್ಲ. ಅರಿಶಿನ ಕೆಂಪಾಗಲು ಇದಕ್ಕಿಂತ ಖಾರದ ಕ್ಷಾರ ಬೇಕು. ಆ ಪ್ರಯೋಗದ ದಿನ ನಮ್ಮ ಯಜಮಾನರು ಇಡೀ ಸಂಜೆ ಬಾಲ್ಕನಿಯಲ್ಲೇ ಕೂತಿದ್ದರು.

ಮತ್ತೆ ಆ ಭಾನುವಾರಕ್ಕೆ ಬರೋಣ. ಬೊಟ್ಟು ಕಪ್ಪು, ಮೀನು ಚೆನ್ನಾಗಿಯೇ ಕಾಣುತ್ತಿದೆ. ಹನ್ನೆರಡು ಗಂಟೆಗೆ 38 ಊಟ ಹೋಗಬೇಕು. ಏನು ಮಾಡ್ತೀರಿ?

ನಾನು ಕಾಣೆಯನ್ನು ಇಟ್ಟುಕೊಂಡೆ. ಬಂಗುಡೆಯನ್ನು ಅಷ್ಟೂ ಎಸೆದೆ. ಅಡುಗೆಗೆ ಸಹಾಯಕ್ಕಿರುವ ಬೈಂದೂರಿನ ಹುಡುಗ ಕಣ್ಣು ಬಾಯಿ ಬಿಟ್ಟ. "ಅಕ್ಕ, ಎಂತಕ್ಕೆ? ವಾಸನೆಯೇ ಇಲ್ಲ!"

ವಾಸನೆ ಇಲ್ಲದಿರುವುದೇ ಬಂಗುಡೆಯ ಮೋಸ. ಬಂಗುಡೆ, ಬೈಗೆ (ಭೂತಾಯಿ), ಕೇದರ (ಟ್ಯೂನಾ), ಈ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ. ಮೀನು ಕೆಲವು ಗಂಟೆ ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಮೀನು ನೋಡಲು ಚೆನ್ನಾಗಿಯೇ ಇರಬಹುದು. ಹುರಿದರೂ, ಕುದಿಸಿದರೂ, ಮತ್ತೆ ಫ್ರೀಜರಿನಲ್ಲಿಟ್ಟರೂ ಹಿಸ್ಟಮಿನ್ ಹೋಗುವುದಿಲ್ಲ. ಆರೋಗ್ಯ ಕೇಂದ್ರದಲ್ಲಿದ್ದಾಗ ಒಂದು ಮಧ್ಯಾಹ್ನ ಒಂದೇ ಮನೆಯ ಮೂವರು ಬಂದಿದ್ದರು. ಮುಖ, ಕುತ್ತಿಗೆ ಕೆಂಪು ಕೆಂಪು, ಮೈಯೆಲ್ಲ ತುರಿಕೆ, ತಲೆನೋವು. ಮೂವರೂ ಅಲರ್ಜಿ ಅಂದುಕೊಂಡಿದ್ದರು. ತಿಂದದ್ದು ಬಂಗುಡೆ ಸಾರು. ಆ ಮುಖಗಳು ನನಗೆ ಇವತ್ತಿಗೂ ನೆನಪಿವೆ.

ಇಲ್ಲೇ ನೋಡಿ ಎರಡು ಲೇಬಲ್ಲುಗಳ ವ್ಯತ್ಯಾಸ. ಹಿಸ್ಟಮಿನ್ ಗಾಳಿಗೆ ಹಾರುವ ವಸ್ತುವಲ್ಲ. ವಾಸನೆ ಲೇಬಲ್ಲಿಗೆ ಅದು ಗೊತ್ತಾಗುವುದಿಲ್ಲ, ನಮ್ಮ ಮೂಗಿಗೂ ಗೊತ್ತಾಗುವುದಿಲ್ಲ. ಶಾಖದ ಲೇಬಲ್ಲಿಗೂ ಹಿಸ್ಟಮಿನ್ ಅಂದರೆ ಏನು ಅಂತ ಗೊತ್ತಿಲ್ಲ. ಆದರೆ ಮೀನು ಬೆಚ್ಚಗೆ ಕೂತಿತ್ತು ಅನ್ನುವುದು ಅದಕ್ಕೆ ಗೊತ್ತು. ಬಂಗುಡೆಗೆ ಅಷ್ಟು ಸಾಕ್ಷಿ ಸಾಕು. ಕಾಣೆಗೆ ಆ ಭಯ ಇಲ್ಲ, ಅದನ್ನು ನಾನು ಕಣ್ಣು, ಕಿವಿರು, ಬೆರಳೊತ್ತು ನೋಡಿ ತೀರ್ಮಾನ ಮಾಡಿದೆ. ಅವತ್ತು ಬಂಗುಡೆ ಪುಳಿಮುಂಚಿ ಕೇಳಿದ್ದ ಒಂಬತ್ತು ಮನೆಗೆ ಮೊಟ್ಟೆ ಗಸಿ ಹೋಯಿತು. ಇಬ್ಬರು ಬೈದರು.

ಸೋಮವಾರ ಬಸ್ಸಿನವರ ಆಫೀಸಿಗೆ ಫೋನ್ ಮಾಡಿ ಜಗಳ ಆಡಿದೆ. ಪೆಟ್ಟಿಗೆಯನ್ನು ಇಂಜಿನ್ ಪಕ್ಕ ಇಟ್ಟಿದ್ದೀರಿ, ಬಿಸಿಲಲ್ಲಿ ಬಿಟ್ಟಿದ್ದೀರಿ ಅಂತ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಲೇಬಲ್ಲಿನ ಫೋಟೊ ಕೂಡ ಕಳಿಸಿದೆ. ಅವರು ಪಾಪ, ನೋಡ್ತೇವೆ ಮೇಡಂ ಅಂದರು.

ಮುಂದಿನ ವಾರ ಅಣ್ಣನಿಗೆ ಮೂರು ಲೇಬಲ್ ಹಾಕಲು ಹೇಳಿದೆ. ಮೇಲಿನ ಪ್ಯಾಕೆಟ್ಟಿಗೆ ಒಂದು, ತಳದ ಪ್ಯಾಕೆಟ್ಟಿಗೆ ಒಂದು, ಪೆಟ್ಟಿಗೆಯ ಹೊರಗೆ ಒಂದು. ಭಾನುವಾರ ಪೆಟ್ಟಿಗೆ ಬಂತು. ಹೊರಗಿನದು ಪೂರ್ತಿ ಕಪ್ಪು, ಅದು ಸಹಜ. ತಳದ್ದು ಹಾಲಿನ ಹಾಗೆ ಬಿಳಿ. ಮೇಲಿನದು ಮತ್ತೆ ಕಪ್ಪು. ಎರಡನ್ನೂ ಕಿತ್ತು ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಹಿಡಿದೆ. ಒಂದೇ ಪೆಟ್ಟಿಗೆ, ಒಂದೇ ಬಸ್ಸು, ಒಂದೇ ರಾತ್ರಿ. ನಡುವೆ ಒಂದಡಿ ಅಂತರ. ಬಸ್ಸಿನ ತಪ್ಪಾಗಿದ್ದರೆ ಎರಡಕ್ಕೂ ತಟ್ಟಬೇಕಿತ್ತು ಅಲ್ವಾ?

ಅಣ್ಣನನ್ನು ವಿಡಿಯೊ ಕಾಲ್‌ನಲ್ಲಿ ಪೆಟ್ಟಿಗೆ ತುಂಬಿಸಲು ಹೇಳಿ ನೋಡಿದೆ. ಐಸೆಲ್ಲ ತಳದಲ್ಲಿ, ಮೀನೆಲ್ಲ ಮೇಲೆ! ಭಾರ ಆಗುತ್ತದೆ, ಪಾರ್ಸೆಲ್ ಚಾರ್ಜ್ ಜಾಸ್ತಿ ಆಗುತ್ತದೆ ಅಂತ ಐಸನ್ನೂ ಕಮ್ಮಿ ಮಾಡಿದ್ದ. ತಣ್ಣನೆ ಗಾಳಿ ಕೆಳಗಿಳಿಯುತ್ತದೆ, ಮೇಲಕ್ಕೆ ಏರುವುದಿಲ್ಲ. ನಮ್ಮ ಕಡೆಯ ಸೆಕೆಗೆ ಮೀನಿನಷ್ಟೇ ತೂಕದ ಐಸ್ ಬೇಕು. ಒಂದು ಪದರ ಐಸ್, ಒಂದು ಪದರ ಮೀನು, ಮುಚ್ಚಳದ ಕೆಳಗೆ ಮತ್ತೊಂದು ಪದರ ಐಸ್. ಮೀನು ಹಿಡಿಯುವವರ ಮನೆಯಲ್ಲೇ ಹುಟ್ಟಿದವನಿಗೆ ನಾನಿದನ್ನು ಹೇಳಿಕೊಡಬೇಕಾಯಿತು. ಹಾಗೆ ತುಂಬಿಸಿದ ಮೇಲೆ ಬೊಟ್ಟು ಒಂದು ಸಲವೂ ಕಪ್ಪಾಗಿಲ್ಲ. ಬಸ್ಸಿನವರಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. ಅವರಿಗೆ ಯಾವ ಜಗಳ ಅಂತ ನೆನಪೂ ಇರಲಿಲ್ಲ.

ಈ ಒಂದು ಕೆಲಸಕ್ಕೆ ಶಾಖದ ಲೇಬಲ್ಲಿಗೆ ಕೊಟ್ಟ ದುಡ್ಡು ವಸೂಲ್. ಒಂದಕ್ಕೆ 14 ರೂಪಾಯಿ ಬಿತ್ತು, ಒಂದು ಕಟಿಂಗ್ ಚಾಯ್ ಅನ್ನಿ. ಪೆಟ್ಟಿಗೆಗೆ ಎರಡು ಹಾಕಿದರೂ ಹೊರೆ ಅಲ್ಲ.

ಇನ್ನು ಅದರ ತಕರಾರುಗಳು. ಈ ಲೇಬಲ್ ತಯಾರಾದ ಕ್ಷಣದಿಂದಲೇ ಲೆಕ್ಕ ಶುರು ಮಾಡುತ್ತದೆ. ಹಾಗಾಗಿ ಬಳಸುವವರೆಗೂ ಫ್ರೀಜರಿನಲ್ಲೇ ಇರಬೇಕು. ಮೇ ತಿಂಗಳಲ್ಲಿ ನಾನು ಎರಡನೇ ಪ್ಯಾಕೆಟ್ ತರಿಸಿದೆ. ಸಾದಾ ಕವರಿನಲ್ಲಿ, ಐಸ್ ಪ್ಯಾಕ್ ಇಲ್ಲದೆ, ನಾಲ್ಕು ದಿನ ಊರೂರು ಸುತ್ತಿಕೊಂಡು ಕೊರಿಯರ್ ಬಂತು. ತೆಗೆದು ನೋಡಿದರೆ ನೂರಕ್ಕೆ ನೂರೂ ಕಪ್ಪು! ಶಾಖ ಕಾಯುವ ಲೇಬಲ್ಲೇ ಶಾಖಕ್ಕೆ ಸತ್ತು ಬಂದಿತ್ತು. ಸಿಟ್ಟಿಗಿಂತ ನಗು ಬಂತು. ಮಾರಿದವರು ಬದಲಿ ಕಳಿಸಲು ಮೂರು ವಾರ ಮಾಡಿದರು. ಅದರ ನಡುವೆ ಅವರಲ್ಲೊಬ್ಬ, ಲೇಬಲ್ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ ಮೇಡಂ ಅಂತ ತಮಾಷೆ ಬೇರೆ ಮಾಡಿದ.

ಇನ್ನೊಂದು, ಲೇಬಲ್ಲಿನ ಆಯಸ್ಸು ಮತ್ತು ಆಹಾರದ ಆಯಸ್ಸು ಹೊಂದಬೇಕು. ಹಾಲಿಗೆಂದು ಹೊಂದಿಸಿದ್ದನ್ನು ಮೀನಿಗೆ ಹಚ್ಚಿದರೆ ಬೊಟ್ಟು ಬೆಳ್ಳಗಿರುವಾಗಲೇ ಮೀನು ಹೋಗಿರುತ್ತದೆ. ಕೊಳ್ಳುವ ಮೊದಲು ಎಷ್ಟು ಡಿಗ್ರಿಯಲ್ಲಿ ಎಷ್ಟು ಗಂಟೆಗೆ ಕಪ್ಪಾಗುತ್ತದೆ ಅಂತ ಬಾಯಿಬಿಟ್ಟು ಕೇಳಿ. ಉತ್ತರ ಕೊಡಲು ತಡವರಿಸುವವನ ಹತ್ತಿರ ತಗೊಳ್ಳಬೇಡಿ. ಮತ್ತೆ ಐಸಿಗೆ ನೇರ ತಾಗಿಸಿ ಅಂಟಿಸಿದರೆ ಅದು ಐಸಿನ ಸುದ್ದಿಯನ್ನು ಹೇಳುತ್ತದೆ, ಮೀನಿನದ್ದನ್ನಲ್ಲ.

ವಾಸನೆ ಲೇಬಲ್ಲಿನ ಕತೆ ಬೇರೆ. ಹಸಿ ಅಂಜಲ್ ತುಂಡಿಗೆ ಹಾಕಿ ನೋಡಿದಾಗ ಸರಿಯಾಗಿಯೇ ಕೆಲಸ ಮಾಡಿತು. ಫ್ರಿಜ್ಜಿನಲ್ಲಿಟ್ಟದ್ದು ಮೂರನೇ ದಿನವೂ ಹಳದಿ, ಹೊರಗಿಟ್ಟದ್ದು ಅದೇ ಸಂಜೆಗೆ ಹಸಿರು. ಖುಷಿಯಾಗಿ ಮುನ್ನೂರು ತರಿಸಿಬಿಟ್ಟೆ. ಅಲ್ಲೇ ಎಡವಿದ್ದು.

ನಾನು ಮಾರುವುದು ಮಸಾಲೆ ಹಚ್ಚಿದ ಮೀನು. ಮಸಾಲೆಯಲ್ಲಿ ಹುಣಸೆಹುಳಿ ಇರುತ್ತದೆ, ಕೆಲವರಿಗೆ ನಿಂಬೆ. ಹುಳಿ ಸೇರಿದರೆ ಆ ಮೀನು ನಾತದ ಆವಿ ಹುಳಿಯ ಜೊತೆ ಕಟ್ಟಿಕೊಂಡು ಮೇಲೇಳುವುದೇ ಇಲ್ಲ. ಹುರಿದ ಮೀನಿಗೆ ನಿಂಬೆ ಹಿಂಡಿದರೆ ನಾತ ಇಳಿಯುವುದೂ ಹಾಗೆಯೇ. ಮಸಾಲೆ ಹಚ್ಚಿದ ಒಂದು ತುಂಡನ್ನು ಬೇಕೆಂದೇ ಒಂದೂವರೆ ದಿನ ಕಟ್ಟೆಯ ಮೇಲೆ ಬಿಟ್ಟೆ. ಮುಟ್ಟಿದರೆ ಲೋಳೆ ಲೋಳೆ. ಲೇಬಲ್ ಮಾತ್ರ ಚಿನ್ನದ ಹಾಗೆ ಹಳದಿ. ಇದನ್ನು ನಂಬಿ ಗಿರಾಕಿ ಹುರಿದು ತಿಂದಿದ್ದರೆ? ಆ ಮುನ್ನೂರರಲ್ಲಿ ಇನ್ನೂರೈವತ್ತು ಈಗಲೂ ಡ್ರಾಯರಿನಲ್ಲಿವೆ.

ತೊರಕೆ ಮೀನಿಗೆ ಹಾಕಿದರೆ ಇದರ ಉಲ್ಟಾ. ತೊರಕೆ, ಶಾರ್ಕ್ ಈ ಜಾತಿಯ ಮೀನುಗಳ ಮಾಂಸದಲ್ಲೇ ಯೂರಿಯಾ ತುಂಬಿರುತ್ತದೆ. ಸತ್ತ ಮೇಲೆ ಅದು ಬೇಗ ಅಮೋನಿಯಾ ಆಗುತ್ತದೆ. ತೊರಕೆ ತಿನ್ನುವವರಿಗೆ ಆ ಘಾಟು ಗೊತ್ತು, ಅದಕ್ಕೇ ತೊರಕೆ ಸಾರಿಗೆ ಅಷ್ಟು ಹುಳಿ, ಅಷ್ಟು ಖಾರ. ಲೇಬಲ್ಲಿಗೆ ಅದೆಲ್ಲ ಗೊತ್ತಿಲ್ಲ, ಮುಟ್ಟಿದ ತಕ್ಷಣ ನೀಲಿ. ಸುಮ್ನೆ ನೋಡೋಣ ಅಂತ ಇಡ್ಲಿ ಹಿಟ್ಟಿನ ಡಬ್ಬಿಗೂ ಒಂದು ಹಚ್ಚಿದೆ. ಹಿಟ್ಟು ಉಕ್ಕಿ, ಹುಳಿ ಬಂದು, ಎಸೆಯುವ ಹಂತಕ್ಕೆ ಹೋದರೂ ಹಳದಿ. ಹುಳಿಯಾಗಿ ಕೆಡುವ ಪದಾರ್ಥಕ್ಕೆ ಕ್ಷಾರ ಹುಡುಕುವ ಲೇಬಲ್ ಹಾಕಿದ್ದು ನನ್ನ ತಪ್ಪು ಬಿಡಿ.

ಬಣ್ಣ ಓದುವುದೂ ಸುಲಭ ಅಲ್ಲ. ನಮ್ಮ ಅಡುಗೆಮನೆಯಲ್ಲಿ ಹಳದಿ ಬಲ್ಬ್. ಬೆಳಗ್ಗೆ ಆರಕ್ಕೆ ಹುಡುಗ ಹಸಿರು ಅನ್ನುತ್ತಾನೆ, ನಾನು ನೀಲಿ ಅನ್ನುತ್ತೇನೆ. ಬಾಲ್ಕನಿಗೆ ಹೋದರೆ ಇಬ್ಬರದ್ದೂ ಅಲ್ಲದ ಇನ್ನೊಂದು ಬಣ್ಣ. ಲಸಿಕೆಯ ಲೇಬಲ್ಲಿನ ಜಾಣತನ ಇರುವುದು ಇಲ್ಲೇ. ಹೋಲಿಸುವ ಬಣ್ಣ ಪಕ್ಕದಲ್ಲೇ ಇತ್ತು, ಯಾವ ಬೆಳಕಲ್ಲಿ ನೋಡಿದರೂ ಚೌಕ ತಿಳಿಯೋ ಗಾಢವೋ ಅಂತ ಗೊತ್ತಾಗುತ್ತಿತ್ತು. ಶಾಖದ ಲೇಬಲ್ಲಿಗೆ ಆ ಬಳೆ ಇದೆ. ವಾಸನೆ ಲೇಬಲ್ಲಿಗೆ ಇಲ್ಲ. ಕವರಿನ ಹಿಂದೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಮೂರು ಬಣ್ಣ ಮುದ್ರಿಸಿದ್ದಾರೆ. ನನ್ನ ವಯಸ್ಸಿನವರಿಗೆ ಅದು ಕನ್ನಡಕ ಹಾಕಿದರೂ ಒಂದೇ.

ಗಿರಾಕಿಗಳ ಪ್ಯಾಕೆಟ್ಟಿಗೆ ಶಾಖದ ಲೇಬಲ್ ಹಚ್ಚಿ ಕಳಿಸಿದ್ದೂ ಆಯಿತು. ಠಾಣೆಯ ಒಂದು ಮನೆಯಿಂದ ಫೋಟೊ ಬಂತು: "ಆಂಟಿ, ಬೂದಿ ಬಣ್ಣ ಆಗಿದೆ, ತಿನ್ನಬಹುದಾ?" ಇನ್ನೊಬ್ಬರು ಅದನ್ನು ಕಿತ್ತು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಕಪ್ಪಾಯಿತು ಅಂತ ದೂರು ಕೊಟ್ಟರು. ಮತ್ತೊಬ್ಬರು ಬಿಂದಿ ಅಂದುಕೊಂಡರು. ನರ್ಸುಗಳಿಗೆ ಟ್ರೇನಿಂಗ್ ಕೊಟ್ಟಿದ್ದರು, ಮನೆಯವರಿಗೆ ಯಾರು ಕೊಡ್ತಾರೆ? ಒಂದು ತಿಂಗಳಲ್ಲಿ ನಿಲ್ಲಿಸಿದೆ. ಈಗ ಊರಿನ ಪೆಟ್ಟಿಗೆಗೆ, ಮತ್ತೆ ನನ್ನ ಫ್ರೀಜರಿಗೆ ಮಾತ್ರ.

ಫ್ರೀಜರಿಗೆ ಇದಕ್ಕಿಂತ ಅಗ್ಗದ ಉಪಾಯ ಇದೆ, ಹೇಳಿಬಿಡುತ್ತೇನೆ. ಒಂದು ಲೋಟ ನೀರು ಗಟ್ಟಿಯಾಗಲು ಬಿಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳ ಸೇರಿದ್ದರೆ ಕರೆಂಟು ಹೋಗಿ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಜೂನ್, ಜುಲೈ ಎರಡು ತಿಂಗಳು ನಮ್ಮ ಕಡಲಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಊರಿನ ಪೆಟ್ಟಿಗೆ ಬರುವುದಿಲ್ಲ. ಫ್ರೀಜರಿನಲ್ಲಿ ಕೂಡಿಟ್ಟ ಮೀನನ್ನು ಈ ಸಲ ಕಾದದ್ದು ನಾಣ್ಯವೇ.

ಅಂಕ ಕೊಡಲೇಬೇಕು ಅಂದರೆ ಶಾಖದ ಲೇಬಲ್ಲಿಗೆ ಐದಕ್ಕೆ ನಾಲ್ಕು. ಕೊರಿಯರ್ ಕತೆಗೆ ಒಂದು ಕಳೆದಿದ್ದೇನೆ. ವಾಸನೆ ಲೇಬಲ್ಲಿಗೆ ಒಂದೂವರೆ. ಹಸಿ ಮೀನನ್ನೇ ಪ್ಯಾಕ್ ಮಾಡಿ ಮಾರುವವರಿಗೆ ಅದು ಮೂರು ಆಗಬಹುದು, ಮಸಾಲೆ ಹಚ್ಚುವವರು ಹತ್ತಿರವೂ ಹೋಗಬೇಡಿ.

ಆಗಸ್ಟ್‌ನಿಂದ ಪೆಟ್ಟಿಗೆ ಮತ್ತೆ ಶುರುವಾಗಿದೆ. ಮೊದಲೆಲ್ಲ ಅಣ್ಣ ಭಾನುವಾರ ಬೆಳಗ್ಗೆ ಫೋನ್ ಮಾಡಿ ಮೀನು ಬಂತಾ ಅಂತ ಕೇಳುತ್ತಿದ್ದ. ಈಗ ನಾನು ಹಲೋ ಅನ್ನುವ ಮೊದಲೇ ಕೇಳುತ್ತಾನೆ: "ಬೊಟ್ಟ್ ಹ್ಯಾಂಗಿತ್ತ್?"